ಹಪ್ಪಳ ಒತ್ತುತ್ತ ಓದಿದ ಬೇಸಿಗೆ ರಜೆ

ಎರಡು ತಿಂಗಳ ಬೇಸಿಗೆ ರಜೆಯಲ್ಲಿ ಮಕ್ಕಳ ಓದು ತಪ್ಪದ ಹಾಗೆ ಮಾಡಲು ನನಗೊಂದು ದಾರಿ ಸಿಕ್ಕಿದೆ. ಮೂರು ನಾಲ್ಕು ವರ್ಷ ನಡೆಸಿ ನೋಡಿಯೇ ಬರೆಯುತ್ತಿದ್ದೇನೆ. "ಹಪ್ಪಳ ಮಾಡುವಲ್ಲಿ ಎಂಥ ಪಾಠ ಟೀಚರೇ?" ಎಂದು ಕೇಳಿದವರೇ ಈಗ ತಮ್ಮ ಮಕ್ಕಳನ್ನು ಕಳಿಸುತ್ತಿದ್ದಾರೆ. ಹಾಗಾಗಿ ಸ್ವಲ್ಪ ಜಂಬ ಕಂಡರೆ ಇರಲಿ.

ನಾನು ಕಾಸರಗೋಡು ಜಿಲ್ಲೆಯ ಬದಿಯಡ್ಕ ಕಡೆಯ ಕನ್ನಡ ಮಾಧ್ಯಮ ಯುಪಿ (ಹಿರಿಯ ಪ್ರಾಥಮಿಕ) ಶಾಲೆಯ ಟೀಚರ್. ಜೂನ್‌ನಲ್ಲಿ ನಮ್ಮ ಪಾಡು ಏನು ಎಂದು ಕಾಸರಗೋಡಿನ ಟೀಚರುಗಳಿಗೆ ಬಿಡಿಸಿ ಹೇಳಬೇಕಾಗಿಲ್ಲ. ಮಕ್ಕಳ ಮನೆಯಲ್ಲಿ ತುಳು, ಹವ್ಯಕ, ಮಲಯಾಳ, ಮರಾಟಿ, ಬ್ಯಾರಿ. ಟಿವಿಯಲ್ಲಿ ಮಲಯಾಳ. ಏಪ್ರಿಲ್, ಮೇ ಪೂರ್ತಿ ಕನ್ನಡ ಅಕ್ಷರ ಕಣ್ಣಿಗೇ ಬೀಳುವುದಿಲ್ಲ. ಮಾರ್ಚ್‌ನಲ್ಲಿ ಸರಾಗ ಓದುತ್ತಿದ್ದ ನಾಲ್ಕನೆಯ ಕ್ಲಾಸಿನ ಮಗು ಶಾಲೆ ತೆರೆಯುವ ದಿನದ ಪ್ರವೇಶೋತ್ಸವ ಮುಗಿದ ವಾರ ಒತ್ತಕ್ಷರ ಬಂದಲ್ಲೆಲ್ಲ ನಿಲ್ಲುತ್ತದೆ. ಭಾಗಾಕಾರ ಮರೆತೇ ಹೋಗಿರುತ್ತದೆ. ರಜೆಯಲ್ಲಿ ಶಾಲೆಯಲ್ಲಿ ಕ್ಲಾಸು ನಡೆಸಬಾರದು ಎಂದು ಕೇರಳದಲ್ಲಿ ಇಲಾಖೆಯ ಆದೇಶ ಇದೆ. ಈ ಸೆಕೆಗೆ ಅದು ಸರಿಯೇ. ಅಂದರೆ ಮಾಡುವುದೇನಿದ್ದರೂ ಮನೆಯಲ್ಲೇ ಆಗಬೇಕು.

ಮೊದಲು ವರ್ಕ್‌ಶೀಟ್ ಕೊಟ್ಟೆ. ಜೆರಾಕ್ಸಿಗೇ ಸಾವಿರದೈನೂರರಷ್ಟು ಹೋಯಿತು. ಜೂನ್‌ನಲ್ಲಿ ತಿರುಗಿ ಬಂದದ್ದು ನಾಲ್ಕೈದು ಕಟ್ಟು, ಅದರಲ್ಲೂ ಒಂದೆರಡು ಅಕ್ಕಂದಿರ ಅಕ್ಷರ. ಮರು ವರ್ಷ ವಾಟ್ಸ್ಯಾಪ್ ಗುಂಪು. ದಿನಕ್ಕೊಂದು ಪುಟ ಓದಿ ವಾಯ್ಸ್ ಕಳಿಸಬೇಕು ಎಂದೆ. ಏಪ್ರಿಲ್ ನಡುವಿನ ವಿಷು ಹಬ್ಬ ಬರುವವರೆಗೆ ನಡೆಯಿತು. ಆಮೇಲೆ ಫೋನು ಮಗುವಿನ ಕೈಯಲ್ಲೇ ಇರುತ್ತಿತ್ತು, ವಾಯ್ಸ್ ಮಾತ್ರ ಬರುತ್ತಿರಲಿಲ್ಲ. ಇನ್ನೊಂದು ವರ್ಷ ಸುಮಾರು ಮೂರು ಸಾವಿರದ ಕಥೆಪುಸ್ತಕ ತಂದು ಮನೆಮನೆಗೆ ಹಂಚಿದೆ. ಅರ್ಧದಷ್ಟು ಬಿಡಿಸದೆ ಹಾಗೆಯೇ ವಾಪಸ್ಸು ಬಂತು. ಕೆಲವು ಬರಲೇ ಇಲ್ಲ. ಬೆಳಗ್ಗೆ ಹತ್ತು ಗಂಟೆಗೆ ನಮ್ಮ ಜಗಲಿಯಲ್ಲಿ ಕ್ಲಾಸು ಇಟ್ಟೂ ನೋಡಿದೆ. ಹತ್ತಕ್ಕೆ ಮಕ್ಕಳು ಹೊಳೆಯಲ್ಲಿ ಇರುತ್ತಾರೆ, ಇಲ್ಲದಿದ್ದರೆ ಗೇರು ಗುಡ್ಡೆಯಲ್ಲಿ. ಪೇಟೆಯ ಬೇಸಿಗೆ ಶಿಬಿರಕ್ಕೆ ಎರಡು ಮೂರು ಸಾವಿರ ಕೊಟ್ಟು ಕಳಿಸಿದ ಅಪ್ಪ ಅಮ್ಮಂದಿರೂ ಇದ್ದರು. ಮಕ್ಕಳು ಮುಖವಾಡ ಮಾಡಲು ಕಲಿತು ಬಂದರು. ಚೆನ್ನಾಗಿಯೇ ಇತ್ತು, ಆದರೆ ಒತ್ತಕ್ಷರ ಇದ್ದಲ್ಲೇ ಇತ್ತು.

ದಾರಿ ತೋರಿಸಿದ್ದು ನೆರೆಮನೆಯ ಅಜ್ಜ. ಅವರು ಪ್ರಾಯದಲ್ಲಿ ಕಣ್ಣೂರು ಕಡೆ ಬೀಡಿ ಕಟ್ಟಿದವರು. ಅಲ್ಲಿನ ಬೀಡಿ ಶೆಡ್ಡುಗಳಲ್ಲಿ ಒಬ್ಬ ಗಟ್ಟಿಯಾಗಿ ಪತ್ರಿಕೆ ಓದುವುದು, ಉಳಿದವರು ಬೀಡಿ ಕಟ್ಟುತ್ತ ಕೇಳುವುದು ಹಳೆಯ ಕ್ರಮ. ಓದುವವನಿಗೆ ಕೂಲಿ ತಪ್ಪದ ಹಾಗೆ ಉಳಿದವರು ತಮ್ಮ ಪಾಲಿನಿಂದ ಕೊಡುತ್ತಿದ್ದರು. ಇದನ್ನು ಕೇಳಿದ ಹೊತ್ತಿಗೆ ನಮ್ಮ ಮನೆಯಲ್ಲಿ ಹಲಸಿನ ಹಪ್ಪಳದ ಕೆಲಸ ನಡೆಯುತ್ತಿತ್ತು. ಅಲ್ಲಿಗೇ ಒಂದು ಪುಸ್ತಕ ತಂದಿಟ್ಟೆ.

ಹಪ್ಪಳದ ಕೆಲಸ ನಿಮಗೆ ಗೊತ್ತಿದ್ದದ್ದೇ. ಬೇಯಿಸಿದ ಸೊಳೆ ಬಿಸಿ ಇರುವಾಗಲೇ ಗುದ್ದಿ, ಉಂಡೆ ಕಟ್ಟಿ, ಒತ್ತಿ, ಬಿಸಿಲು ಏರುವ ಮೊದಲು ಚಾಪೆಗೆ ಹಾಕಬೇಕು. ಅಂದರೆ ಏಳರಿಂದ ಎಂಟೂವರೆ. ಸೆಕೆ ಇಲ್ಲ, ಹೊಳೆಗೆ ಹೋಗುವ ಹೊತ್ತೂ ಆಗಿಲ್ಲ. ಎಲ್ಲರ ಕೈಯಲ್ಲೂ ಎಣ್ಣೆ, ಹಿಟ್ಟು. ಮೊಬೈಲು ಮುಟ್ಟುವ ಹಾಗೇ ಇಲ್ಲ! ಕೈ ತೊಳೆದು ಕೂರುವ ಭಾಗ್ಯ ಓದುವವನಿಗೆ ಮಾತ್ರ. ನಾನು ಮೂರು ವರ್ಷ ಗೋಗರೆದರೂ ಓದದ ಹುಡುಗರು ಉಂಡೆ ಕಟ್ಟುವುದು ತಪ್ಪಲಿ ಎಂದು "ನಾನು ಓದುತ್ತೇನೆ, ನಾನು ಓದುತ್ತೇನೆ" ಎನ್ನತೊಡಗಿದರು. ಇಡೀ ಗುಟ್ಟು ಇಷ್ಟೇ.

ಚಾಪೆಯ ಮೇಲೆ 25 ಹಪ್ಪಳ ಆಗುವವರೆಗೆ ಒಬ್ಬರ ಸರದಿ. ಹೇಗೂ ಒಂದು ಕಟ್ಟಿನಲ್ಲಿ 25 ಹಪ್ಪಳ ಅಲ್ವಾ. ಓದುವಾಗ ತಪ್ಪಾದರೆ, ಹಿಡಿದವರಿಗೆ ಪುಸ್ತಕ. ಈ ನಿಯಮದಿಂದ ಎಲ್ಲರೂ ಕಿವಿ ಕೊಟ್ಟು ಕೇಳಿದರು. ಆದರೆ ಮೊದಲ ವಾರದಲ್ಲೇ ತೊಂದರೆ ಶುರುವಾಯಿತು. ಏಳನೆಯ ಕ್ಲಾಸಿನ ಚುರುಕು ಹುಡುಗಿಯೊಬ್ಬಳು ಪುಸ್ತಕ ಬಿಟ್ಟುಕೊಡಲೇ ಇಲ್ಲ. ಮೂರನೆಯ ಕ್ಲಾಸಿನವನು ಎರಡು ಸಾಲಿಗೇ ಔಟ್. ಈಗ ತಪ್ಪು ಹಿಡಿದರೂ ಪುಟ ಮುಗಿಯುವವರೆಗೆ ಪುಸ್ತಕ ಕೈ ಬದಲಾಗುವುದಿಲ್ಲ. ಸಣ್ಣವರಿಗೆ ಬೇರೆ ಪುಸ್ತಕ. ಅಂತರ್ಜಾಲದ ಸ್ಟೋರಿವೀವರ್‌ನಲ್ಲಿ ಕನ್ನಡ ಕಥೆಗಳು ಹಂತ ಹಂತವಾಗಿ ಪುಕ್ಕಟೆ ಸಿಗುತ್ತವೆ, ಅದರಿಂದ ಮುದ್ರಿಸಿ ಹೊಲಿದು ಇಟ್ಟಿದ್ದೇನೆ. ಯಾರನ್ನು ಯಾರ ಪಕ್ಕ ಕೂರಿಸಬೇಕು ಎಂಬುದರಲ್ಲೂ ಒಂದು ಲೆಕ್ಕ ಇದೆ. ಅದನ್ನು ಮಾತ್ರ ಇಲ್ಲಿ ಹೇಳುವುದಿಲ್ಲ. ನೀವೇ ನಡೆಸಿದರೆ ಎರಡು ವಾರದಲ್ಲಿ ತಿಳಿಯುತ್ತದೆ.

ಒಂದೇ ಮನೆಯಲ್ಲಿ ದಿನಾ ಹಪ್ಪಳ ಇರುವುದಿಲ್ಲ. ಐದಾರು ಮನೆಯವರು ಸರದಿ ಮಾಡಿಕೊಂಡೆವು. ಯಾರ ಮನೆಯಲ್ಲಿ ಕೆಲಸವೋ ಅಲ್ಲಿಗೆ ಹತ್ತು ಹನ್ನೆರಡು ಮಕ್ಕಳು. ಆ ಮನೆಗೆ ಪುಕ್ಕಟೆ ಕೈಗಳು, ಮಕ್ಕಳಿಗೆ ಅವಲಕ್ಕಿ, ಮಜ್ಜಿಗೆ. "ಮಕ್ಕಳಿಂದ ಕೆಲಸ ಮಾಡಿಸುತ್ತಾರೆ" ಎಂದು ಒಬ್ಬರು ಗೊಣಗಿದರು. ಒಂದೂವರೆ ಗಂಟೆ, ಅದರಲ್ಲಿ ಅರ್ಧ ಓದು. ಅವರೇ ಒಂದು ದಿನ ಬಂದು ಕೂತು ಕೇಳಿದರು. ಆಮೇಲೆ ಮಾತಾಡಲಿಲ್ಲ.

ಗಣಿತಕ್ಕೆ ಗೇರುಬೀಜ. ರಜೆಯಲ್ಲಿ ಬೀಜ ಹೆಕ್ಕಿ ಮಾರುವುದು ನಮ್ಮ ಮಕ್ಕಳ ಹಳೆಯ ಸಂಪಾದನೆ, ಆಗ ಕಿಲೋಗೆ ನೂರರ ಆಸುಪಾಸು ಸಿಗುತ್ತಿತ್ತು. ಪ್ರತಿಯೊಬ್ಬರಿಗೂ ಒಂದು ಲೆಕ್ಕದ ಪುಸ್ತಕ ಕೊಟ್ಟೆ. ತೂಕ, ದರ, ಪಾಲು. ಅಂಗಡಿಯವರು ಹಸಿ ಬೀಜಕ್ಕೆ ತೂಕ ಕಳೆಯುತ್ತಾರೆ ಎಂದು ಒಬ್ಬ ಸಿಟ್ಟಾಗಿದ್ದ. ಒಂದು ಕಿಲೋ ತೂಗಿ ಮೂರು ದಿನ ಒಣಗಿಸಿದೆವು. ನೂರು ಗ್ರಾಂ ಹತ್ತಿರ ಇಳಿಯಿತು. ಅಲ್ಲಿಂದ ಶೇಕಡಾ ಲೆಕ್ಕ ಶುರು. ಬೋರ್ಡಿನಲ್ಲಿ ಒಂದು ತಿಂಗಳು ಹಿಡಿಯುವುದು ಅಂಗಳದಲ್ಲಿ ಒಂದು ವಾರಕ್ಕೆ ಬಂತು.

ಇನ್ನೊಂದು ಪ್ರಯೋಗ ಸುರಂಗದ್ದು. ಸುರಂಗ ಎಂದರೆ ನಮ್ಮ ಕಡೆ ನೀರಿಗಾಗಿ ಗುಡ್ಡದೊಳಗೆ ಅಡ್ಡಕ್ಕೆ ಕೊರೆದ ಬಾವಿ. ಬಾಯಾರು ಕಡೆಯ ಒಬ್ಬ ಹುಡುಗ ಅಜ್ಜನಮನೆಯಲ್ಲಿ ಸುರಂಗದ ನೀರು ಇದೆ ಎಂದ. ಎಲ್ಲರನ್ನೂ ಕರೆದುಕೊಂಡು ಹೋದೆ. ಒಳಗೆ ಬಿಡಲಿಲ್ಲ, ನೀರು ಹೊರಗೆ ಬೀಳುವಲ್ಲಿ ಹತ್ತು ಲೀಟರಿನ ಬಕೆಟ್ ಇಟ್ಟು ಗಡಿಯಾರ ನೋಡಿದೆವು. ತುಂಬಲು ಎರಡು ನಿಮಿಷಕ್ಕಿಂತ ಜಾಸ್ತಿ ಹಿಡಿಯಿತು. ದಿನಕ್ಕೆ ಎಷ್ಟು ಲೀಟರ್ ಎಂದು ನಾನು ಕೇಳುವ ಮೊದಲೇ ಮಣ್ಣಿನಲ್ಲಿ ಗುಣಿಸುತ್ತಿದ್ದರು. ಮೇ ಕೊನೆಗೆ ಮತ್ತೆ ಹೋದಾಗ ನೀರು ಬೆರಳಿನಷ್ಟೂ ಇರಲಿಲ್ಲ. ಅಲ್ಲಿಂದ ಬಂದ ಮೇಲೆ ತಮ್ಮ ತಮ್ಮ ಬಾವಿಗೆ ಕಲ್ಲು ಕಟ್ಟಿದ ಹಗ್ಗ ಇಳಿಸಿ ವಾರಕ್ಕೊಮ್ಮೆ ನೀರು ಅಳೆಯುವುದನ್ನು ಮಕ್ಕಳೇ ಶುರು ಮಾಡಿದರು.

ಬಯಲಾಟದ ಮರುದಿನ ಯಾರೂ ಏಳುವುದಿಲ್ಲ. ಯಕ್ಷಗಾನ ಕವಿ ಪಾರ್ತಿಸುಬ್ಬನ ಸೀಮೆಯಲ್ಲಿ ಆಟ ಬಿಡು ಎನ್ನಲು ಆಗುತ್ತದೆಯೇ? ಮೇ ಕೊನೆಯ ಪತ್ತನಾಜೆಯ ದಿನ ಮೇಳಗಳು ಗೆಜ್ಜೆ ಬಿಚ್ಚಿ ತಿರುಗಾಟ ಮುಗಿಸುವವರೆಗೆ ಇದು ಇದ್ದದ್ದೇ. ಆಟ ನೋಡಿದವರು ಸಂಜೆ ಪ್ರಸಂಗದ ಕಥೆ ಬರೆದು ತರಬೇಕು ಎಂದೆ. ಎರಡು ಸಾಲು ಬರೆಯಲು ಅಳುತ್ತಿದ್ದ ಐದನೆಯ ಕ್ಲಾಸಿನ ಹುಡುಗ ನಾಲ್ಕು ಪುಟ ತಂದ. ಮಹಿಷಾಸುರನ ಪ್ರವೇಶವೇ ಎರಡು ಪುಟ. ಆ ಪುಟಗಳನ್ನು ಇನ್ನೂ ಇಟ್ಟುಕೊಂಡಿದ್ದೇನೆ.

ಖರ್ಚು ಹೇಳಿಬಿಡುತ್ತೇನೆ. ಮುದ್ರಣ, ನೋಟ್‌ಬುಕ್ಕು, ಬಾಯಾರಿಗೆ ಹೋಗಿ ಬಂದ ಜೀಪಿನ ಬಾಡಿಗೆ ಸೇರಿ ಕಳೆದ ವರ್ಷ ಎರಡು ಸಾವಿರದ ಒಳಗೆ ಮುಗಿಯಿತು. ಅದರಲ್ಲೂ ಎಂಟುನೂರರಷ್ಟು ಮಕ್ಕಳು ಒತ್ತಿದ ಹಪ್ಪಳ ಮಾರಿಯೇ ಬಂತು. ಜೂನ್‌ನಲ್ಲಿ ನಮ್ಮ ಗುಂಪಿನ ಮಕ್ಕಳು ಯಾರು ಯಾರು ಎಂದು ಹೇಳದೆಯೇ ಬೇರೆ ಟೀಚರುಗಳಿಗೆ ಗೊತ್ತಾಯಿತು. ಮೊದಲ ವಾರವೇ ಹೊಸ ಪಾಠ ಗಟ್ಟಿಯಾಗಿ ಓದಿದವರು ಅವರೇ.

ಶುರು ಮಾಡುವವರು ವಿಷು ಕಳೆಯುವವರೆಗೆ ಕಾಯಬೇಡಿ. ಮೇ ನಡುವಿಗೆ ಮಳೆ ಬಿದ್ದರೆ ಹಪ್ಪಳ ಒಣಗುವುದಿಲ್ಲ, ಮಕ್ಕಳೂ ಚದುರುತ್ತಾರೆ. ಹಲಸು ಬಲಿಯುವುದು ತಡವಾದರೆ ಮರಗೆಣಸಿನ ಹಪ್ಪಳ ಆಗುತ್ತದೆ. ಅದು ಬೇಗ ಒತ್ತಿ ಮುಗಿಯುತ್ತದೆ, ಹಾಗಾಗಿ ಸರದಿಯನ್ನು 25ರ ಬದಲು 40ಕ್ಕೆ ಇಡಿ.