ರೊಟ್ಟಿ ಬಡಿದ ಕೂಲಿ

ಪುಣೆಯ ಚಿಂಚವಡದಲ್ಲಿ ನಾನು ಖಡಕ್ ರೊಟ್ಟಿ, ಶೇಂಗಾ ಚಟ್ನಿ ಮಾರುತ್ತೇನೆ. ವಿಜಯಪುರ, ಕಲಬುರಗಿ ಕಡೆಯಿಂದ ಬಂದು ಕಂಪನಿಗಳಲ್ಲಿ ದುಡಿಯುವ ಹುಡುಗರೇ ಜಾಸ್ತಿ ಗಿರಾಕಿಗಳು. ಹೊಸದಾಗಿ ಶುರು ಮಾಡುವ ಹೆಂಗಸರು ನನ್ನನ್ನು ಮೊದಲು ಕೇಳುವುದು ಲೈಸೆನ್ಸ್ ಬಗ್ಗೆ. ಅದು ಸುಲಭ. ನಾನು ಮಾಡಿಸಿದಾಗ, ವರ್ಷದ ವ್ಯಾಪಾರ 12 ಲಕ್ಷದೊಳಗಿದ್ದರೆ ಆಹಾರ ಸುರಕ್ಷತಾ ಪ್ರಾಧಿಕಾರದ, ಅಂದರೆ ಎಫ್‌ಎಸ್‌ಎಸ್‌ಎಐ ನೋಂದಣಿಗೆ ವರ್ಷಕ್ಕೆ 100 ರೂಪಾಯಿ. ಸಣ್ಣ ಉದ್ದಿಮೆಗಳಿಗಿರುವ ಸರ್ಕಾರದ ಉದ್ಯಮ್ ನೋಂದಣಿ ಪೂರ್ತಿ ಉಚಿತ, ಏಜೆಂಟರಿಗೆ ಸುಮ್ನೆ ದುಡ್ಡು ಕೊಡಬೇಡಿ.

ಕಷ್ಟ ಇರುವುದು ರೇಟು ಕಟ್ಟುವುದರಲ್ಲಿ. ಜೋಳ, ಗಿರಣಿ, ಗ್ಯಾಸು, ಪ್ಯಾಕೆಟ್ಟು ಇವನ್ನು ಎಲ್ಲರೂ ಬರೆದುಕೊಳ್ಳುತ್ತಾರೆ. ಬಡಿಯುವವಳ ಕೂಲಿ ಯಾರೂ ಬರೆಯುವುದಿಲ್ಲ. “ಮನ್ಯಾಗ ಇರ್ತಿ, ಅದಕ್ಯಾಕ ಕೂಲಿ?” ಎಂದು ನಮ್ಮತ್ತೆಯೇ ಕೇಳಿದ್ದರು. ಎಸರಿನ ನೀರಲ್ಲಿ ಹಿಟ್ಟು ನಾದಬೇಕು, ತೆಳ್ಳಗೆ ಬಡಿಯಬೇಕು, ಹಂಚಿಗೆ ಹಾಕಿ ಮೇಲೆ ನೀರು ಸವರಬೇಕು, ಆಮೇಲೆ ಅಂಚು ಏಳದಂತೆ ಬಟ್ಟೆಯಿಂದ ಒತ್ತುತ್ತಾ ಕೂರಬೇಕು. ಹಿಟ್ಟು ಹಳೆಯದಾದರೆ ಜಿಗಿ ಹೋಗಿ ಅಂಚೆಲ್ಲ ಸೀಳುತ್ತದೆ. ಅತ್ತೆಗೆ ಇದೆಲ್ಲ ನನಗಿಂತ ಚೆನ್ನಾಗಿ ಗೊತ್ತು, ಅಲ್ವಾ?

ನಾನು ರೊಟ್ಟಿಗೆ 3 ರೂಪಾಯಿ ಕೂಲಿ ಮೊದಲೇ ಸೇರಿಸಿದೆ. ಲಾಭ ಅದರ ಮೇಲೆ. ಹಾಗಾಗಿ ಆರ್ಡರ್ ಹೆಚ್ಚಾದಾಗ ಪಕ್ಕದ ಮನೆಯವರನ್ನು ಕರೆದು ಅದೇ 3 ರೂಪಾಯಿ ಕೊಡಲು ಕೈ ನಡುಗಲಿಲ್ಲ. ಮುಂಬೈನ ಗಿರಗಾಂವದಲ್ಲಿ 1959ರಲ್ಲಿ 7 ಹೆಂಗಸರು 80 ರೂಪಾಯಿ ಸಾಲ ತಂದು ಶುರು ಮಾಡಿದ ಲಿಜ್ಜತ್ ಪಾಪಡ್ ಬೆಳೆದದ್ದೂ ಲಟ್ಟಿಸಿದ ಕೈಗೆ ಕೂಲಿ ಕೊಟ್ಟೇ. ಅಲ್ಲಿ ಹಿಟ್ಟು ಮನೆಗೊಯ್ದು, ಹಪ್ಪಳ ಮಾಡಿ ತಂದುಕೊಟ್ಟರೆ ತೂಕದ ಮೇಲೆ ದುಡ್ಡು.

ಇನ್ನೊಂದು: ಕ್ಯೂಆರ್ ಕೋಡ್ ನಿಮ್ಮ ಖಾತೆಯದ್ದೇ ಇರಲಿ. ಗಂಡನ ಫೋನಿಗೆ ಬಂದ ದುಡ್ಡು ಕರೆಂಟ್ ಬಿಲ್ಲಿಗೋ ಮಕ್ಕಳ ಫೀಸಿಗೋ ಹೋಗಿಬಿಡುತ್ತದೆ, ವ್ಯಾಪಾರದ ಲೆಕ್ಕವೇ ಸಿಗುವುದಿಲ್ಲ. ಸಣ್ಣ ವ್ಯಾಪಾರಕ್ಕೆ ಸಾಲ ಕೊಡುವ ಮುದ್ರಾ ಯೋಜನೆಯಲ್ಲಿ ‘ಶಿಶು’ ಎಂಬ ಸಾಲ 50,000 ರೂಪಾಯಿವರೆಗೆ, ಅಡಮಾನ ಬೇಡ. ಆದರೂ ಒಂದು ಬ್ಯಾಂಕಿನಲ್ಲಿ “ಮಿಸ್ಟರ್‌ನ ಕರ್ಕೊಂಡು ಬನ್ನಿ” ಎಂದರು. ನನ್ನ ಖಾತೆಯ ಸ್ಟೇಟ್‌ಮೆಂಟ್ ಮುಂದಿಟ್ಟು ಕೂತೆ. ಸಾಲ ಆಯಿತು. ಅದರಲ್ಲಿ ದೊಡ್ಡ ಹಂಚು, ಒಲೆ, 19 ಕಿಲೋದ ಕಮರ್ಷಿಯಲ್ ಸಿಲಿಂಡರ್ ಬಂದವು. ಮನೆಯ ಸಿಲಿಂಡರಿನಲ್ಲಿ ವ್ಯಾಪಾರ ಮಾಡುವಂತಿಲ್ಲ.

ಸಂಕ್ರಾಂತಿಯ ಹಿಂದಿನ ದಿನದ ಭೋಗಿಗೆ ನಮ್ಮವರಿಗೂ ಮರಾಠಿಯವರಿಗೂ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಬೇಕೇ ಬೇಕು. ಸಜ್ಜೆ ಹಿಟ್ಟು ಬೇಗ ಕಹಿಯಾಗುತ್ತದೆ, ಬಡಿಯುವಾಗ ಒಡೆಯುವುದೂ ಜಾಸ್ತಿ. ಅದಕ್ಕೆ ಕೂಲಿ 4 ರೂಪಾಯಿ.