ಹಿಂಗಾರಿನ ಕೆಸರು, ಬೋರ್‌ವೆಲ್ಲಿನ ಉಪ್ಪು: ಚಳಿಗಾಲದಲ್ಲಿ ಬೈಕನ್ನು ತುಕ್ಕಿನಿಂದ ಕಾಪಾಡುವ ಬಗೆ

ಚಿಕ್ಕಬಳ್ಳಾಪುರದಿಂದ ದೇವನಹಳ್ಳಿಯ ಕಡೆಗೆ ರಾಷ್ಟ್ರೀಯ ಹೆದ್ದಾರಿ 44ರಲ್ಲಿ ದಿನವೂ ಬೈಕಿನಲ್ಲಿ ಓಡಾಡುವವರಿಗೆ ಅಕ್ಟೋಬರಿನಿಂದ ಜನವರಿಯವರೆಗೆ ಎರಡು ಬಗೆಯ ತೇವ ಎದುರಾಗುತ್ತದೆ. ಮೊದಲು ಹಿಂಗಾರು ಮಳೆ, ಅದರ ಜೊತೆಗೆ ಮುಂದಿನ ಲಾರಿಯ ಚಕ್ರ ಎರಚುವ ಕೆಂಪು ಕೆಸರು. ಆಮೇಲೆ ನಂದಿಬೆಟ್ಟದ ತಪ್ಪಲಿನ ಮಂಜು ಮತ್ತು ಬೆಳಗ್ಗೆ ಏಳೂವರೆಯಾದರೂ ಪೆಟ್ರೋಲ್ ಟ್ಯಾಂಕಿನ ಮೇಲೆ ಆರದೆ ನಿಂತಿರುವ ಇಬ್ಬನಿ. ಹಿಮ ಬೀಳುವ ದೇಶಗಳಲ್ಲಿ ರಸ್ತೆಯ ಮೇಲೆ ನೀರು ಹೆಪ್ಪುಗಟ್ಟದಿರಲೆಂದು ಉಪ್ಪು ಚೆಲ್ಲುತ್ತಾರೆ. ಅದು ಚಕ್ರದಿಂದ ಸಿಡಿದು ಅಲ್ಲಿನ ಬೈಕುಗಳ ಕಬ್ಬಿಣವನ್ನು ತಿನ್ನುತ್ತದೆ. ನಮ್ಮ ರಸ್ತೆಯಲ್ಲಿ ಉಪ್ಪಿಲ್ಲ. ಆದರೂ ನನ್ನ ಹಳೆಯ ಬೈಕಿನ ಸೈಲೆನ್ಸರ್ ಮೂರನೆಯ ಚಳಿಗಾಲಕ್ಕೇ ಕೆಳಗಿನ ಬೆಸುಗೆಯ ಸಾಲಿನಲ್ಲಿ ತೂತುಬಿದ್ದಿತ್ತು. ಕಾರಣ ಹುಡುಕುತ್ತ ಹೋದಾಗ ಉಪ್ಪು ಸಿಕ್ಕಿದ್ದು, ಪ್ರತಿ ಭಾನುವಾರ ಗಾಡಿ ತೊಳೆಯಲೆಂದು ನಾನೇ ತುಂಬಿಡುತ್ತಿದ್ದ ಬಕೆಟ್ಟಿನಲ್ಲಿ.

ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ. ಆಳದ ಕೊಳವೆಬಾವಿಗಳ ಗಡಸು ನೀರೇ ಬಹುಪಾಲು ಮನೆಗಳ ಸಂಪಿಗೆ ಬೀಳುತ್ತದೆ. ಆ ನೀರಿನಲ್ಲಿ ಏನಿದೆಯೆಂದು ನೋಡಬೇಕಾದರೆ ಒಂದು ಸ್ಟೀಲ್ ತಟ್ಟೆಗೆ ಎರಡು ಚಮಚ ನೀರು ಹಾಕಿ ಸಣ್ಣ ಉರಿಯಲ್ಲಿ ಪೂರ್ತಿ ಆರಿಸಿ; ತಳದಲ್ಲಿ ಉಳಿಯುವ ಬಿಳಿ ಪದರವೇ ಗಾಡಿಯ ಮೇಲೂ ಉಳಿಯುತ್ತದೆ. ಅದರಲ್ಲಿರುವ ಕ್ಯಾಲ್ಸಿಯಂ ಬರಿಯ ಕಲೆ ಮಾಡಿದರೆ, ಕ್ಲೋರೈಡ್ ಲವಣಗಳು ತುಕ್ಕನ್ನು ಚುರುಕುಗೊಳಿಸುತ್ತವೆ. ಇದಕ್ಕಿಂತ ಕೆಟ್ಟದ್ದು ಆರ್‌ಒ ಯಂತ್ರದಿಂದ ಹೊರಬರುವ ತ್ಯಾಜ್ಯ ನೀರು. ನೀರು ಪೋಲಾಗಬಾರದೆಂಬ ಒಳ್ಳೆಯ ಬುದ್ಧಿಯಿಂದ ಅದನ್ನು ಹಿಡಿದಿಟ್ಟು ಗಾಡಿ ತೊಳೆಯುವವರು ನಮ್ಮ ಬೀದಿಯಲ್ಲೇ ಹಲವರಿದ್ದಾರೆ, ನಾನೂ ಅವರಲ್ಲೊಬ್ಬನಾಗಿದ್ದೆ. ಕುಡಿಯುವ ನೀರಿನಿಂದ ತೆಗೆದ ಲವಣವೆಲ್ಲ ಆ ಪೈಪಿನಲ್ಲೇ ಬರುವುದರಿಂದ ಅದು ಸಂಪಿನ ನೀರಿಗಿಂತಲೂ ಗಡಸಾಗಿರುತ್ತದೆ. ಅದರಿಂದ ಅಂಗಳ ತೊಳೆಯಿರಿ, ಬೈಕನ್ನು ಬೇಡ.

ಮಳೆ ಹಿಡಿಯುವ ಮೊದಲೇ ಒಂದು ಭಾನುವಾರವನ್ನು ಸಿದ್ಧತೆಗೆ ಮೀಸಲಿಡುವುದು ಒಳ್ಳೆಯದು. ಟ್ಯಾಂಕ್, ಮಡ್‌ಗಾರ್ಡ್, ಕ್ರೋಮ್ ಭಾಗಗಳು, ಚಕ್ರದ ರಿಮ್ಮು ಇವಕ್ಕೆಲ್ಲ ಕಾರಿಗೆ ಹಚ್ಚುವ ವ್ಯಾಕ್ಸನ್ನು ತೆಳುವಾಗಿ ಹಚ್ಚಿ ಒರೆಸಿದರೆ ನೀರು ನಿಲ್ಲದೆ ಉರುಳಿಹೋಗುತ್ತದೆ. ಬ್ರೇಕಿನ ಡಿಸ್ಕಿಗೂ ಟೈರಿಗೂ ಮಾತ್ರ ಅದು ತಾಗಕೂಡದು. ಮುಂದಿನ ಮಡ್‌ಗಾರ್ಡಿನ ತುದಿಗೆ ಒಂದು ರಬ್ಬರ್ ಫ್ಲಾಪ್ ಹಾಕಿಸಿದರೆ ಎಂಜಿನ್ನಿಗೂ ಸೈಲೆನ್ಸರಿನ ಬಾಗಿಗೂ ಬಡಿಯುವ ಕೆಸರು ಗಣನೀಯವಾಗಿ ಕಡಿಮೆಯಾಗುತ್ತದೆ, ಮತ್ತು ಈ ಇಡೀ ಬರಹದಲ್ಲಿ ಅತ್ಯಂತ ಅಗ್ಗದ ಉಪಾಯ ಇದೇ. ಬ್ಯಾಟರಿಯ ಟರ್ಮಿನಲ್ಲಿನಲ್ಲಿ ಬಿಳಿ ಅಥವಾ ಹಸಿರು ಪುಡಿ ಕಂಡರೆ, ನೆಗೆಟಿವ್ ತಂತಿಯನ್ನು ಮೊದಲು ಬಿಚ್ಚಿ, ಅಡುಗೆ ಸೋಡಾ ಕದಡಿದ ನೀರಿನಲ್ಲಿ ಅದ್ದಿದ ಹಳೆಯ ಟೂತ್ ಬ್ರಷ್ಷಿನಿಂದ ಉಜ್ಜಿ, ಒಣಗಿಸಿ, ಜೋಡಿಸಿದ ಮೇಲೆ ವ್ಯಾಸಲೀನ್ ಸವರಿ. ಜೋಡಿಸುವಾಗ ನೆಗೆಟಿವ್ ಕೊನೆಗೆ.

ಸರ್ವಿಸ್‌ಗೆ ಬಿಟ್ಟಾಗ ಕೆಲವು ಕಡೆ ಅಡಿಭಾಗಕ್ಕೆ ಡೀಸೆಲ್ ಸಿಂಪಡಿಸುವ, ಇಲ್ಲವೇ ಸುಟ್ಟ ಆಯಿಲ್ ಬಳಿಯುವ ರೂಢಿಯಿದೆ. ಮೊದಲ ದಿನ ಗಾಡಿ ಕಪ್ಪಗೆ ಮಿಂಚುತ್ತದೆ. ವಾರದೊಳಗೆ ಆ ಎಣ್ಣೆಗೆ ಧೂಳು ಮೆತ್ತಿಕೊಂಡು ತೇವವನ್ನು ಹಿಡಿದಿಡುತ್ತದೆ, ರಬ್ಬರಿನ ಬುಷ್ಷುಗಳು ಉಬ್ಬುತ್ತವೆ, ಬ್ರೇಕಿಗೆ ಒಂದು ಹನಿ ಸಿಡಿದರೂ ಅಪಾಯ. ಬೇಡವೆಂದು ಮೊದಲೇ ಹೇಳಿಬಿಡಿ.

ಮಳೆಯಲ್ಲಿ ನೆನೆದು ಮನೆಗೆ ಬಂದ ಸಂಜೆ ಪೂರ್ತಿ ತೊಳೆಯುವ ಅಗತ್ಯವಿಲ್ಲ. ಸೈಲೆನ್ಸರ್ ತಣಿದ ಮೇಲೆ ಅರ್ಧ ಬಕೆಟ್ ನೀರನ್ನು ಮಡ್‌ಗಾರ್ಡುಗಳ ಒಳಮೈಗೂ ಎಂಜಿನ್ನಿನ ಕೆಳಭಾಗಕ್ಕೂ ಸುರಿದು ಹಸಿ ಕೆಸರನ್ನು ಇಳಿಸಿಬಿಟ್ಟರೆ ಸಾಕು. ಒಣಗಿದ ಕೆಮ್ಮಣ್ಣನ್ನು ಬಟ್ಟೆಯಿಂದ ಉಜ್ಜಿದರೆ ಅದರೊಳಗಿನ ಮರಳು ಬಣ್ಣವನ್ನು ಗೀರುತ್ತದೆ. ಮುಂದಿನ ಫೋರ್ಕಿನ ಹೊಳೆಯುವ ಕೊಳವೆಗಳನ್ನು ಮಾತ್ರ ಅಂದೇ ಒದ್ದೆ ಬಟ್ಟೆಯಿಂದ ಒರೆಸಬೇಕು. ಅಲ್ಲಿ ಅಂಟಿದ ಮಣ್ಣು ಪ್ರತಿ ಗುಂಡಿಗೂ ಆಯಿಲ್ ಸೀಲಿನೊಳಗೆ, ಅಂದರೆ ಫೋರ್ಕಿನ ಎಣ್ಣೆ ಸೋರದಂತೆ ತಡೆಯುವ ರಬ್ಬರ್ ಬಳೆಯೊಳಗೆ, ಮೇಲೆ ಕೆಳಗೆ ಉಜ್ಜಿ ಅದನ್ನು ಹರಿದುಹಾಕುತ್ತದೆ.

ಹದಿನೈದು ದಿನಕ್ಕೊಮ್ಮೆ ತೊಳೆಯುವಾಗ ಬಟ್ಟೆ ಸೋಪಿನ ಪುಡಿಯ ಬದಲು ಕಾರ್ ಶಾಂಪೂ ಬಳಸಿ, ಏಕೆಂದರೆ ಸೋಪಿನ ಪುಡಿ ಹಚ್ಚಿದ ವ್ಯಾಕ್ಸನ್ನೂ ತೆಗೆದುಬಿಡುತ್ತದೆ. ಮೊದಲ ಎರಡು ಬಕೆಟ್ ಬೋರ್‌ವೆಲ್ ನೀರೇ ಇರಲಿ, ಚಿಂತೆಯಿಲ್ಲ. ಕೊನೆಯ ಒಂದು ಬಕೆಟ್ ಮಾತ್ರ ಮಳೆನೀರಾಗಿರಲಿ. ಹಿಂಗಾರಿನಲ್ಲಿ ತಾರಸಿಯ ಪೈಪಿನ ಕೆಳಗೆ ಒಂದು ಡ್ರಮ್ಮಿಟ್ಟು, ಮೊದಲ ಹತ್ತು ನಿಮಿಷದ ಕೊಳೆನೀರನ್ನು ಬಿಟ್ಟು ಹಿಡಿದು, ಸೊಳ್ಳೆ ಬಾರದಂತೆ ಬಿಗಿಯಾಗಿ ಮುಚ್ಚಿಟ್ಟರೆ ಚಳಿಗಾಲ ಮುಗಿಯುವವರೆಗೂ ಸಾಲುತ್ತದೆ. ಮಳೆನೀರಿಲ್ಲದವರು ನೀರು ತಾನಾಗಿ ಆರಲು ಬಿಡದೆ ಹಳೆಯ ಪಂಚೆಯಿಂದ ಒರೆಸಬೇಕು, ಏಕೆಂದರೆ ಹನಿ ಆರಿದ ಜಾಗದಲ್ಲೇ ಲವಣ ಉಳಿಯುವುದು. ವಾಟರ್ ಸರ್ವಿಸ್ ಮಾಡಿಸುವುದಾದರೆ ಪ್ರೆಶರಿನ ನೀರನ್ನು ಚಕ್ರದ ಬೇರಿಂಗ್, ಹ್ಯಾಂಡಲ್ಲಿನ ಕೊಂಡಿ, ಸ್ವಿಚ್ಚುಗಳ ಮೇಲೆ ನೇರವಾಗಿ ಹೊಡೆಯದಂತೆ ನಿಂತು ನೋಡಿಕೊಳ್ಳಿ. ಕ್ರೋಮಿನ ಮೇಲೆ ಆಗಲೇ ಕೂತ ಬಿಳಿ ಕಲೆಗೆ ಸಮಪಾಲು ನೀರು ಬೆರೆಸಿದ ವಿನೆಗರಿನಲ್ಲಿ ಬಟ್ಟೆ ಅದ್ದಿ ಒರೆಸಿ ತಕ್ಷಣ ತೊಳೆದರೆ ಹೋಗುತ್ತದೆ. ಹುಣಸೆಹಣ್ಣನ್ನು ಹಿತ್ತಾಳೆ ದೀಪಕ್ಕೇ ಇಟ್ಟುಕೊಳ್ಳಿ.

ಚಳಿಗಾಲದಲ್ಲಿ ಮೊದಲು ಹಾಳಾಗುವುದು ಚೈನು. ನೆನೆದ ಚೈನು ಒಂದೇ ರಾತ್ರಿಯಲ್ಲಿ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ. ಗಾಡಿಯನ್ನು ಡಬಲ್ ಸ್ಟ್ಯಾಂಡ್ ಹಾಕಿ, ನ್ಯೂಟ್ರಲ್‌ನಲ್ಲಿಟ್ಟು, ಹಿಂದಿನ ಚಕ್ರವನ್ನು ಕೈಯಿಂದಲೇ ತಿರುಗಿಸುತ್ತ ಕೆಲಸ ಮಾಡಬೇಕು. ಎಂಜಿನ್ ಓಡಿಸಿ ಗೇರಿನಲ್ಲಿ ಚೈನು ತಿರುಗಿಸಿಕೊಂಡು ಒರೆಸುವವರ ಬೆರಳು ಸ್ಪ್ರಾಕೆಟ್ಟಿಗೆ ಸಿಕ್ಕಿ ಹೋಗುವುದು ಕ್ಷಣದ ಮಾತು. ಸೀಮೆಎಣ್ಣೆಯಲ್ಲಿ ಅದ್ದಿದ ಮೆತ್ತನೆಯ ಬ್ರಷ್ಷಿನಿಂದ ಹಳೆಯ ಜಿಡ್ಡನ್ನು ಉಜ್ಜಿ, ಬಟ್ಟೆ ಬೆಳ್ಳಗೆ ಬರುವವರೆಗೆ ಒರೆಸಿ. ಪೆಟ್ರೋಲ್ ಬೇಡ, ಅದು ಓ-ರಿಂಗ್ ಇರುವ ಚೈನಿನ ರಬ್ಬರನ್ನು ಹಾಳುಮಾಡುತ್ತದೆ. ನಂತರ ಚೈನಿನ ಒಳಬದಿಗೆ, ಅಂದರೆ ಸ್ಪ್ರಾಕೆಟ್ಟಿನ ಹಲ್ಲು ಕೂರುವ ಕಡೆಗೆ, 90ರ ಗೇರ್ ಆಯಿಲನ್ನಾಗಲಿ ಚೈನ್ ಸ್ಪ್ರೇಯನ್ನಾಗಲಿ ಕೊಂಡಿಕೊಂಡಿಗೂ ತಾಗುವಂತೆ ಬಿಟ್ಟು, ಹೊರಮೈಗೆ ಹರಿದು ಬಂದದ್ದನ್ನು ಒರೆಸಿಬಿಡಿ. ಸಂಜೆ ಮನೆಗೆ ಬಂದಾಗ, ಚೈನು ಇನ್ನೂ ಬೆಚ್ಚಗಿರುವಾಗ ಮಾಡಿದರೆ ಎಣ್ಣೆ ಒಳಕ್ಕಿಳಿದು ಬೆಳಗಿನವರೆಗೆ ಕೂರುತ್ತದೆ. ಒಣ ರಸ್ತೆಯಲ್ಲಿ ಸುಮಾರು 500 ಕಿಲೋಮೀಟರಿಗೊಮ್ಮೆ, ಮಳೆಯಲ್ಲಿ ಓಡಿಸಿದರೆ ಅದೇ ದಿನ. ಸಡಿಲವೆಷ್ಟಿರಬೇಕೆಂಬುದಕ್ಕೆ ಗಾಡಿಯ ಜೊತೆ ಕೊಟ್ಟ ಕೈಪಿಡಿಯ ಅಳತೆಯನ್ನೇ ನೋಡಿ.

ಸೈಲೆನ್ಸರ್ ಒಳಗಿನಿಂದಲೂ ತುಕ್ಕು ಹಿಡಿಯುತ್ತದೆ. ಪೆಟ್ರೋಲ್ ಉರಿದಾಗ ಹುಟ್ಟುವ ಆವಿ ತಣ್ಣನೆಯ ಕೊಳವೆಯಲ್ಲಿ ನೀರಾಗುತ್ತದೆ. ಹಾಲಿನ ಬೂತಿಗೆ ಹೋಗಿ ಬರುವಷ್ಟು ದೂರಕ್ಕೆ ಅದು ಆರುವುದಿಲ್ಲ. ಕೆಳಗಿರುವ ಸಣ್ಣ ರಂಧ್ರದಿಂದ ಆ ನೀರು ತೊಟ್ಟಿಕ್ಕಬೇಕು, ಆದ್ದರಿಂದ ಅದು ಕೆಸರಿನಿಂದ ಮುಚ್ಚಿದ್ದರೆ ತಂತಿಯಿಂದ ಬಿಡಿಸಿ. ತೊಳೆದ ದಿನ ಒಂದು ಸುತ್ತು ದೂರ ಹೋಗಿಬಂದರೆ ಸೈಲೆನ್ಸರ್, ಬ್ರೇಕು ಎರಡೂ ಒಣಗುತ್ತವೆ.

ರಾತ್ರಿ ನಿಲ್ಲಿಸುವಾಗ ಒದ್ದೆ ಗಾಡಿಯ ಮೇಲೆ ಪ್ಲಾಸ್ಟಿಕ್ ಹೊದಿಕೆ ಹಾಕಬಾರದು. ಒಳಗಿನ ಹಬೆ ಹೊರಹೋಗದೆ ಬೆಳಗಿನವರೆಗೂ ಲೋಹದ ಮೇಲೆ ಕೂತಿರುತ್ತದೆ. ಗಾಳಿಯಾಡುವ ಬಟ್ಟೆಯ ಹೊದಿಕೆಯನ್ನು ಗಾಡಿ ಆರಿದ ಮೇಲೆ ಹಾಕಿ, ಅದು ನೆಲಕ್ಕೆ ತಾಗದಂತೆ ಕಟ್ಟಿ. ಬೆಳಗ್ಗೆ ಡಿಸ್ಕಿನ ಮೇಲೆ ತೆಳುವಾದ ಕಂದು ಪೊರೆ ಕಂಡರೆ ಗಾಬರಿಯಾಗಬೇಕಿಲ್ಲ, ಗೇಟು ದಾಟುವಾಗ ಎರಡು ಸಲ ಬ್ರೇಕ್ ಹಿಡಿದರೆ ಅದು ಹೋಗುತ್ತದೆ.