ಅಡಿಕೆ ಸುಲಿಯುವ ಕಾಲದ ಕಾಲು ಸೆಳೆತ: ನನ್ನ ಅನುಭವ

ರಾತ್ರಿ ಮೂರು ಗಂಟೆ. ಎಡಗಾಲಿನ ಮೀನಖಂಡ ಒಮ್ಮೆಲೇ ಗಂಟು ಕಟ್ಟಿತು. ಮುಟ್ಟಿದರೆ ಸಿಪ್ಪೆ ತೆಗೆಯದ ಅಡಿಕೆಯಷ್ಟು ಗಟ್ಟಿ. ನಾನು ಕೂಗಿದ ಕೂಗಿಗೆ ಆಚೆ ಕೋಣೆಯಿಂದ ಅತ್ತೆ "ಎಂತ ಆತೇ ಕೂಸೇ?" ಎನ್ನುತ್ತ ಬಂದರು. ನಮ್ಮನೆಯವರು ಮಗ್ಗಲು ಬದಲಿಸಿದರು, ಅಷ್ಟೇ.

ಶಿರಸಿ ಕಡೆಯ ತೋಟದ ಮನೆಗಳಲ್ಲಿ ಅಡಿಕೆ ಸುಲಿಯುವ ಕಾಲ ಹೇಗಿರುತ್ತದೆ ಅಂತ ಗೊತ್ತಲ್ವಾ. ಅಡಿಕೆ ಕೊನೆ (ಗೊನೆ) ಇಳಿಸಿದ ದಿನ ಸಂಜೆ ಚಹಾ ಕುಡಿದು, ಮಣೆಗೆ ಕೂರಿಸಿದ ಸುಲಿಯುವ ಕತ್ತಿ, ಅಂದರೆ ಮೆಟ್ಟುಗತ್ತಿ ಮುಂದೆ ಕೂತರೆ ಏಳುವುದು ಹನ್ನೊಂದಕ್ಕೆ. ಮಣೆ ಅಲ್ಲಾಡದ ಹಾಗೆ ಕಾಲಲ್ಲಿ ಅದುಮಿಕೊಂಡು, ಮೊಣಕಾಲು ಮಡಚಿಕೊಂಡೇ ನಾಲ್ಕೈದು ತಾಸು. ನಡುವೆ ಎದ್ದು ಹೋಗಬೇಕಾದೀತು ಅಂತ ನೀರೂ ಕುಡಿಯುವುದಿಲ್ಲ. ಮೂರು ಚಳಿಗಾಲ ಹೀಗೇ ಹೋಯಿತು. ಸುಲಿದ ರಾತ್ರಿಯೆಲ್ಲ ಸೆಳೆತ.

ಮೊದಲು ಎಲ್ಲರೂ ಹೇಳಿದ್ದು ಬಾಳೆಹಣ್ಣು. ಮನೆ ತೋಟದ ಮಿಟ್ಲಿ ದಿನಾ ಎರಡು ತಿಂದೆ. ಹಣ್ಣು ರುಚಿಯಾಗಿತ್ತು, ಸೆಳೆತ ಹೋಗಲಿಲ್ಲ. ಆಮೇಲೆ ಮೆಗ್ನೀಸಿಯಂ ಮಾತ್ರೆ, ಒಂದು ತಿಂಗಳು. ಅದೂ ಅಷ್ಟಕ್ಕಷ್ಟೇ. ವಯಸ್ಸಾದವರ ರಾತ್ರಿ ಸೆಳೆತಕ್ಕೆ ಮೆಗ್ನೀಸಿಯಂನಿಂದ ಹೇಳಿಕೊಳ್ಳುವಂಥ ಉಪಯೋಗ ಕಾಣುವುದಿಲ್ಲ ಅಂತ ಹಲವು ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡುವ ಕಾಕ್ರೇನ್ ಸಂಸ್ಥೆಯ 2020ರ ವರದಿಯಲ್ಲಿ ಬಂದಿದೆ ಎಂದು ಆಮೇಲೆ ಓದಿದೆ. ಮೊದಲೇ ಓದಿದ್ದರೆ ದುಡ್ಡು ಉಳಿಯುತ್ತಿತ್ತು.

ಅತ್ತೆಯ ಮದ್ದು ಉಪ್ಪಿನ ಶಾಖ. ಹರಳುಪ್ಪನ್ನು ಬಾಣಲೆಯಲ್ಲಿ ಹುರಿದು, ಹಳೇ ಪಂಚೆಯ ತುಂಡಲ್ಲಿ ಗಂಟು ಕಟ್ಟಿ, ಮೊದಲು ತಮ್ಮ ಅಂಗೈಗೆ ಒತ್ತಿ ಬಿಸಿ ನೋಡಿ, ಆಮೇಲೆ ನನ್ನ ಕಾಲಿಗೆ ಇಡುತ್ತಾರೆ. ಇದನ್ನು ನಾನು ಬಿಟ್ಟಿಲ್ಲ. ಸೆಳೆತ ಬಿಟ್ಟ ಮೇಲೂ ಮಾರನೇ ದಿನದ ತನಕ ಉಳಿಯುವ ನೋವಿದೆಯಲ್ಲ, ಅದಕ್ಕೆ ಇಷ್ಟು ಹಿತವಾದದ್ದು ಇನ್ನೊಂದಿಲ್ಲ. ಆದರೆ ಒಲೆ ಹಚ್ಚಿ ಉಪ್ಪು ಹುರಿಯುವಷ್ಟರಲ್ಲಿ ಸೆಳೆತ ತಾನೇ ಬಿಟ್ಟಿರುತ್ತದೆ. ಸಕ್ಕರೆ ಕಾಯಿಲೆಯಿಂದ ಪಾದ ಮರಗಟ್ಟಿದವರು ಈ ಶಾಖದ ಸುದ್ದಿಗೇ ಹೋಗಬೇಡಿ, ಸುಟ್ಟದ್ದು ಗೊತ್ತಾಗುವುದಿಲ್ಲ.

ಆ ಕ್ಷಣಕ್ಕೆ ಬೇಕಾದ್ದು ಒಂದೇ. ಮೊಣಕಾಲು ನೇರ ಮಾಡಿ, ಪಾದದ ಬೆರಳುಗಳನ್ನು ಮೊಣಕಾಲಿನ ಕಡೆಗೆ ಎಳೆಯುವುದು. ಕೈಗೆ ಎಟುಕದಿದ್ದರೆ ಪಂಚೆಯನ್ನೋ ಟವೆಲನ್ನೋ ಪಾದಕ್ಕೆ ಹಾಕಿ ಎಳೆಯಿರಿ. ಜಗ್ಗಬಾರದು, ನಿಧಾನ. ಅಥವಾ ಎದ್ದು ಹಿಮ್ಮಡಿಯನ್ನು ನೆಲಕ್ಕೆ ಊರಿ ನಿಲ್ಲಿ. ಅಡಿಕೆಯಂಥ ಆ ಗಂಟು ಕೈಯಡಿಯಲ್ಲೇ ಸಡಿಲವಾಗುವುದು ಗೊತ್ತಾಗುತ್ತದೆ.

ಇದು ಯಾಕೆ ಕೆಲಸ ಮಾಡುತ್ತದೆ ಅಂತ ಯೋಚಿಸುವಾಗಲೇ ನನಗೆ ಕಂಬಳಿಯ ವಿಷಯ ಹೊಳೆದದ್ದು. ಚಳಿಗೆ ಎರಡು ಕಂಬಳಿ ಹೊದ್ದು, ಕಾಲ ಬುಡದಲ್ಲಿ ಬಿಗಿಯಾಗಿ ಸಿಕ್ಕಿಸಿ ಮಲಗುತ್ತಿದ್ದೆ. ಆ ಭಾರಕ್ಕೆ ಪಾದ ಮುಂದಕ್ಕೆ ಬಾಗಿ, ಬೆರಳು ಕೆಳಮುಖವಾಗುತ್ತದೆ. ಆಗ ಮೀನಖಂಡದ ಸ್ನಾಯು ಮೊದಲೇ ಗಿಡ್ಡವಾಗಿರುತ್ತದೆ. ದಣಿದ ಸ್ನಾಯು ನಿದ್ದೆಯಲ್ಲಿ ಇನ್ನಷ್ಟು ಬಿಗಿದರೆ ತಡೆಯುವವರು ಯಾರು? ಈಗ ಕಂಬಳಿಯನ್ನು ಕಾಲ ಬುಡದಲ್ಲಿ ಸಡಿಲ ಬಿಡುತ್ತೇನೆ. ಕಾಲು ಬೆಚ್ಚಗಿರಲಿ ಅಂತ ಉಲನ್ ಸಾಕ್ಸ್.

ಇನ್ನೊಂದು, ಮಲಗುವ ಮುಂಚೆ ಗೋಡೆ ಹಿಡಿದು ನಿಲ್ಲುವುದು. ಒಂದು ಕಾಲು ಮುಂದೆ, ಒಂದು ಹಿಂದೆ. ಹಿಂದಿನ ಕಾಲಿನ ಹಿಮ್ಮಡಿ ನೆಲ ಬಿಡಬಾರದು, ಮೊಣಕಾಲು ಮಡಚಬಾರದು. ಮೀನಖಂಡ ಎಳೆಯುವ ತನಕ ಗೋಡೆ ಕಡೆ ಬಾಗಿ ಹತ್ತು ಎಣಿಸುವುದು. ಎರಡೂ ಕಾಲಿಗೆ ಮೂರು ಮೂರು ಸಲ. ನೆದರ್ಲೆಂಡ್ಸ್‌ನಲ್ಲಿ 55 ದಾಟಿದವರಿಗೆ 6 ವಾರ ಇಂಥದ್ದೇ ಮಾಡಿಸಿ ನೋಡಿದಾಗ ರಾತ್ರಿ ಸೆಳೆತ ಕಡಿಮೆಯಾಗಿತ್ತು, 2012ರ ಮಾತು. ನನಗೆ ಫರಕು ಗೊತ್ತಾಗಲು ಮೂರು ವಾರ ಹಿಡಿಯಿತು. ಸುಲಿಯುವಾಗಲೂ ಅರ್ಧ ತಾಸಿಗೊಮ್ಮೆ ಏಳುತ್ತೇನೆ. ಜೊತೆಗೆ ಸುಲಿಯುವವರು "ಮತ್ತೆ ಶುರುವಾಯ್ತು ಇವಳದ್ದು" ಅಂತ ನಗುತ್ತಾರೆ. ನಗಲಿ.

ತವರಿನ ಕಡೆ ಸೆಳೆತ ಬೇರೆಯೇ ತರಹದ್ದು. ನನ್ನ ತಮ್ಮ ಗೋಕರ್ಣದ ಹತ್ತಿರ ಸಾಣಿಕಟ್ಟೆಯ ಉಪ್ಪಿನ ಆಗರದಲ್ಲಿ ಎರಡು ಬೇಸಿಗೆ ಕೆಲಸ ಮಾಡಿದ್ದ. ಏಪ್ರಿಲ್ ಬಿಸಿಲಲ್ಲಿ ಮಧ್ಯಾಹ್ನ ತೊಡೆ, ಹೊಟ್ಟೆ, ಕೈ ಎಲ್ಲಾ ಹಿಡಿದುಕೊಳ್ಳುತ್ತಿತ್ತು. "ಎರಡು ಎಳನೀರು ಕುಡಿದ್ರೂ ಹೋಗ್ತಿಲ್ಲ ಅಕ್ಕಾ" ಅಂತ ಫೋನ್ ಮಾಡಿದ್ದ. ಹೋಗುವುದು ಹೇಗೆ? ಎಳನೀರಿನಲ್ಲಿ ಪೊಟ್ಯಾಸಿಯಂ ಜಾಸ್ತಿ, ಸೋಡಿಯಂ ಕಡಿಮೆ. ಬೆವರಲ್ಲಿ ಹೋಗುವುದು ಮುಖ್ಯವಾಗಿ ಸೋಡಿಯಂ, ಅಂದರೆ ಉಪ್ಪು. ಉಪ್ಪಿನ ರಾಶಿಯ ಪಕ್ಕದಲ್ಲೇ ನಿಂತವನಿಗೆ ಉಪ್ಪಿನ ಕೊರತೆ! ಉಪ್ಪು ಹಾಕಿದ ಗಂಜಿ, ಉಪ್ಪು ಬೆರೆಸಿದ ಮುರುಗಲು (ಕೋಕಂ) ಪಾನಕ ಶುರು ಮಾಡಿದ ಮೇಲೆ ಸರಿಹೋಯಿತು. ಅಳತೆ ಬೇಕು ಅನ್ನುವವರಿಗೆ: 1 ಲೀಟರ್ ಕುದಿಸಿ ಆರಿಸಿದ ನೀರಿಗೆ ಟೀ ಚಮಚದಲ್ಲಿ ಮಟ್ಟಸವಾಗಿ 6 ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು.

ಉಪ್ಪಿನಕಾಯಿ ನೀರಿನ ಪ್ರಯೋಗದ ಬಗ್ಗೆಯೂ ಓದಿದ್ದೇನೆ. ಅಮೆರಿಕದಲ್ಲಿ ಸೌತೆ ಉಪ್ಪಿನಕಾಯಿಯ ಹುಳಿನೀರು ಕುಡಿಸಿದಾಗ ಸೆಳೆತ ಬೇಗ ಬಿಟ್ಟಿತಂತೆ. ಉಪ್ಪು ರಕ್ತಕ್ಕೆ ಸೇರುವಷ್ಟು ಹೊತ್ತೂ ಆಗಿರಲಿಲ್ಲ, ಗಂಟಲಿಗೆ ತಾಗಿದ ಚುರುಕಿನಿಂದಲೇ ನರ ಸುಮ್ಮನಾಗುತ್ತದೆ ಎನ್ನುವುದು ಅವರ ಲೆಕ್ಕ. ನಮ್ಮಲ್ಲಿ ಅಪ್ಪೆಮಿಡಿಯ ಭರಣಿಗೆ ಬರವೇ? ಆದರೆ ಭರಣಿ ಇರುವುದು ಅಟ್ಟದ ಮೇಲೆ. ಸೆಳೆತ ಹಿಡಿದ ಕಾಲಲ್ಲಿ ಏಣಿ ಹತ್ತುವುದು ಯಾರು? ಬಿಪಿ ಇದ್ದವರಿಗಂತೂ ಇದು ಬೇಡ.

ಬಿಪಿ ಅಂದಾಗ ನೆನಪಾಯಿತು. ಮೂತ್ರ ಜಾಸ್ತಿ ಮಾಡಿಸುವ ಬಿಪಿ ಮಾತ್ರೆ ಶುರುವಾದ ಮೇಲೆ ಅತ್ತೆಗೂ ಸೆಳೆತ ಬಂತು. ನಾವಾಗಿ ನಿಲ್ಲಿಸಲಿಲ್ಲ. ಡಾಕ್ಟರಿಗೆ ತೋರಿಸಿ, ರಕ್ತ ಪರೀಕ್ಷೆ ಆಗಿ, ಅವರೇ ಮಾತ್ರೆ ಬದಲಿಸಿದರು. ಒಂದೇ ಕಾಲು ಊದಿ, ಕೆಂಪಾಗಿ ಬಿಸಿಯಾದರೆ ಅದು ಸೆಳೆತ ಅಲ್ಲದೇ ಇರಬಹುದು, ರಕ್ತ ಹೆಪ್ಪುಗಟ್ಟಿರಬಹುದು. ಅವತ್ತೇ ಆಸ್ಪತ್ರೆಗೆ ಹೋಗಿ. ನಡೆದಾಗಲೆಲ್ಲ ಹಿಡಿದು, ನಿಂತರೆ ಬಿಡುವ ನೋವನ್ನೂ ತೋರಿಸಲೇಬೇಕು, ಅದರಲ್ಲೂ ತಂಬಾಕು ಹಾಕುವವರು.

ಸೆಳೆತ ಬಂದ ರಾತ್ರಿಗೆ ಅಡುಗೆಮನೆ ಕ್ಯಾಲೆಂಡರಿನಲ್ಲಿ, ಹಾಲಿನ ಲೆಕ್ಕದ ಪಕ್ಕ, ಪೆನ್ಸಿಲಿನಲ್ಲಿ ಒಂದು ಚುಕ್ಕಿ ಇಡುತ್ತೇನೆ. ಹೋದ ವರ್ಷದ ಡಿಸೆಂಬರಿಗೆ 11 ಚುಕ್ಕಿ. ಈ ಡಿಸೆಂಬರಿಗೆ 3. ಅದರಲ್ಲಿ ಒಂದು, ಸಿದ್ದಾಪುರದ ಮದುವೆ ಮನೆಯಿಂದ ತಡವಾಗಿ ಬಂದು, ಗೋಡೆ ಹಿಡಿಯದೇ ಹಾಗೇ ಬಿದ್ದುಕೊಂಡ ರಾತ್ರಿಯದ್ದು.